ಸಹಿ ಹಾಕಿದ್ದು ಯಾವುದಕ್ಕೆ ಅಂತ ಓದಿದ್ದೀರಾ?

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಬೆಳಿಗ್ಗೆ ಯಾವುದಾದರೂ ಶಾಲಾ ವ್ಯಾನ್ ಒಳಗೆ ಇಣುಕಿ ನೋಡಿ. ಅಡಿಕೆ ತೋಟದವರ ಮಗು, ಎಸ್ಟೇಟ್ ಲೈನ್ ಮನೆಯ ಮಗು, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬದ ಮಗು, ಮುಸ್ಲಿಮರ ಮಗು ಎಲ್ಲ ಒಟ್ಟಿಗೆ ಕೂತಿರುತ್ತವೆ. ಕ್ರೈಸ್ತ ಸಂಸ್ಥೆಯ ಶಾಲೆಗೆ ಸೇರಿಸುವಾಗ ನಾವು ವಿಚಾರಿಸುವುದು ಇಂಗ್ಲಿಷು, ಶಿಸ್ತು, ಫೀಸು. ಧರ್ಮದ ಪಾಠದ ಪಿರಿಯಡ್‌ನಲ್ಲಿ ಏನು ಹೇಳಿಕೊಡುತ್ತಾರೆ ಅಂತ ಕೇಳುವವರು ಕಡಿಮೆ.

ಕೇಳದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ಏಪ್ರಿಲ್ ನೆನಪಿಸಿಕೊಳ್ಳಿ. ಬೆಂಗಳೂರಿನ ಕ್ಲಾರೆನ್ಸ್ ಶಾಲೆಯ ಪ್ರವೇಶ ಅರ್ಜಿಯಲ್ಲಿ, ಮಗು ಬೈಬಲ್ ತರುವುದಕ್ಕೆ ಪೋಷಕರ ಆಕ್ಷೇಪ ಇಲ್ಲ ಎಂಬ ಷರತ್ತಿತ್ತು. ಹಿಂದೂ ಸಂಘಟನೆಯೊಂದು ದೂರು ಕೊಟ್ಟಿತು, ಟಿವಿಯಲ್ಲಿ ಗಲಾಟೆ. ಧರ್ಮಗ್ರಂಥ ಬೋಧಿಸುವಂತಿಲ್ಲ ಎಂದ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರೇ, ಅದಕ್ಕೂ ಮೊದಲು ನೀತಿ ಶಿಕ್ಷಣದಲ್ಲಿ ಭಗವದ್ಗೀತೆ ತರುವ ಮಾತಾಡಿದ್ದರು!

ಸಂವಿಧಾನ ಹೇಳುವುದು ಸರಳ. 30ನೇ ವಿಧಿಯಂತೆ ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸಬಹುದು. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಹುದು, ಆದರೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಪ್ರಾರ್ಥನೆ, ಪೂಜೆಗೂ ಇದೇ ನಿಯಮ. ಇದು 28ನೇ ವಿಧಿ. 'ಖಾಸಗಿ ಶಾಲೆ, ಅವರಿಷ್ಟ' ಎನ್ನುವವರೂ 'ಕ್ರೈಸ್ತ ಶಾಲೆಯಲ್ಲಿ ಬೈಬಲ್ ಹೆಸರೇ ಎತ್ತಬಾರದು' ಎನ್ನುವವರೂ ಇದನ್ನು ಓದಿದಂತಿಲ್ಲ.

ನಮ್ಮ ತಕರಾರು ಒಪ್ಪಿಗೆ ಪಡೆಯುವ ರೀತಿಯ ಬಗ್ಗೆ. ಇಂಗ್ಲಿಷಿನ ಉದ್ದದ ಫಾರಂ, ಹಿಂದೆ ಕ್ಯೂ, ಗುಮಾಸ್ತರು ಬೆರಳಿಟ್ಟ ಜಾಗದಲ್ಲಿ ಅಮ್ಮ ಸಹಿ ಹಾಕುತ್ತಾರೆ. ಅದನ್ನು ಒಪ್ಪಿಗೆ ಅನ್ನುವುದು ಹೇಗೆ? ಧರ್ಮದ ಪಾಠಕ್ಕೆ ಬೇರೆಯೇ ಒಂದು ಹಾಳೆ ಬೇಕು. ಕನ್ನಡದಲ್ಲಿರಬೇಕು. ಏನು ಕಲಿಸುತ್ತೇವೆ ಅಂತ ನಾಲ್ಕು ಸಾಲು, ಹೌದು-ಬೇಡ ಎರಡು ಚೌಕ ಸಾಕು.

'ಬೇಡ' ಎಂದವರ ಮಕ್ಕಳ ಗತಿ? ಅನೇಕ ಕ್ಯಾಥೊಲಿಕ್ ಶಾಲೆಗಳಲ್ಲಿ ತಮ್ಮ ಮಕ್ಕಳಿಗೆ ಧರ್ಮೋಪದೇಶ, ಅದೇ ಹೊತ್ತಿಗೆ ಉಳಿದವರಿಗೆ ನೀತಿ ಪಾಠ ಎಂಬ ಪದ್ಧತಿ ಇದೆ. ಒಳ್ಳೆಯದೇ. ಆದರೆ ಆ ನೀತಿ ಪಾಠಕ್ಕೆ ಟೀಚರ್ ಇರಬೇಕು, ಪುಸ್ತಕ ಇರಬೇಕು. ಆರು ವರ್ಷದ ಮಗುವನ್ನು ಸುಮ್ಮನೆ ಜಗುಲಿಯಲ್ಲಿ ಕೂರಿಸಿದರೆ, ತನ್ನದೇನೋ ತಪ್ಪಾಗಿದೆ ಅಂತಲೇ ಅದು ತಿಳಿಯುತ್ತದೆ.

ಈ ಸಲ ಅಡ್ಮಿಷನ್‌ಗೆ ಹೋದಾಗ ಫಾರಂ ಮನೆಗೆ ತನ್ನಿ. ಇಂಗ್ಲಿಷ್ ಬಲ್ಲವರ ಹತ್ತಿರ ಪೂರ್ತಿ ಓದಿಸಿ, ಆಮೇಲೆ ಸಹಿ ಹಾಕಿ.