ಗಾಜಿನ ತೊಟ್ಟಿಯ ಚೂರಿಮೀನು ತೋಡಿಗೆ ಇಳಿಯಕೂಡದು

(ಕೆದಂಬಾಡಿಯ ಕೃಷಿ ಇನ್‌ಸ್ಪೆಕ್ಟರರು, ಎಲ್. ಎಜಿ., ಬರೆದುದು)

ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನುಗಳನ್ನು ಸಾಕುವ ಹವ್ಯಾಸವು ಪೇಟೆಗಳಿಂದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಮನೆಗಳಿಗೂ ಬಂದಿದೆ. ಹವ್ಯಾಸವು ಸ್ವತಃ ನಿರ್ದೋಷವಾದುದು. ಮಕ್ಕಳು ಜೀವಿಯೊಂದರ ಉಸಿರಾಟ, ಆಹಾರ, ಬೆಳವಣಿಗೆಗಳನ್ನು ಕಣ್ಣಾರೆ ಕಂಡು ಕಲಿಯುವುದಕ್ಕೆ ಇದಕ್ಕಿಂತ ಸುಲಭವಾದ ಸಾಧನವು ವಿರಳ. ಆದರೆ ಕೃಷಿಯ ಪತ್ರಿಕೆಯಲ್ಲಿ ಈ ವಿಷಯವೇತಕ್ಕೆ ಎಂದು ಕೆಲವರು ಕೇಳಬಹುದು. ತೊಟ್ಟಿಗೆ ತುಂಬುವ ನೀರು ಬಾವಿಯದು. ಮೀನಿಗೆ ಹಾಕುವ ಎರೆಹುಳು ತೋಟದ್ದು. ಸಾಕಿ ಬೇಸತ್ತ ಮೇಲೆ ಮೀನನ್ನು ಬಿಡುವ ಸ್ಥಳವು ಕೆರೆ, ಮದಕ ಅಥವಾ ತೋಡು. ಇವೆಲ್ಲವೂ ರೈತನ ಬಾಳಿಗೆ ಸೇರಿದವುಗಳಾದುದರಿಂದ ಇಲ್ಲಿ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದು.

ಮಾರಾಟಕ್ಕೆ ಬರುವ ಮೀನುಗಳಲ್ಲಿ ಚೂರಿಮೀನು ಎಂಬ ಜಾತಿಯು ನೋಡುವವರ ಮನಸ್ಸನ್ನು ಬೇಗನೆ ಸೆಳೆಯುತ್ತದೆ. ಅದರ ಶರೀರವು ಎರಡು ಪಕ್ಕದಿಂದಲೂ ಒತ್ತಿದಂತೆ ಚಪ್ಪಟೆಯಾಗಿದ್ದು, ಬಾಲದ ಕಡೆಗೆ ಚೂರಿಯ ಅಲಗಿನಂತೆ ಕಿರಿದಾಗುತ್ತದೆ. ಹೊಟ್ಟೆಯ ಕೆಳಗಿನ ಈಜುರೆಕ್ಕೆಯು ಉದ್ದಕ್ಕೆ ಹಬ್ಬಿ ಬಾಲದೊಡನೆ ಒಂದಾಗಿದೆ. ಆ ರೆಕ್ಕೆಯನ್ನು ಅಲೆಯಂತೆ ಆಡಿಸುತ್ತ ಮೀನು ಮುಂದಕ್ಕೂ ಹಿಂದಕ್ಕೂ ಒಂದೇ ಸುಲಭದಲ್ಲಿ ಚಲಿಸುತ್ತದೆ. ಬೆನ್ನಿನ ಮೇಲಣ ರೆಕ್ಕೆಯಾದರೋ ಹಕ್ಕಿಯ ಗರಿಯಷ್ಟು ಸಣ್ಣದು. ಹಗಲಿನಲ್ಲಿ ಮರೆಯಲ್ಲಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುವುದು ಇದರ ಸ್ವಭಾವ. ಈಜುಚೀಲದ ಸಹಾಯದಿಂದ ಗಾಳಿಯನ್ನೂ ಉಸಿರಾಡಬಲ್ಲುದಾದುದರಿಂದ, ಪ್ರಾಣವಾಯು ಕಡಿಮೆಯಾದ ನಿಂತ ನೀರಿನಲ್ಲಿಯೂ ಇದು ಬದುಕುತ್ತದೆ.

ಕೊಳ್ಳುವವರು ಮುಖ್ಯವಾಗಿ ಎರಡು ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ನಮ್ಮ ದೇಶದ್ದೇ ಆದ ನೋಟೋಪ್ಟೆರಸ್. ಕಾವೇರಿ, ಕೃಷ್ಣಾ, ತುಂಗಭದ್ರಾ ನದಿಗಳಲ್ಲಿ ಇದು ಉಂಟು. ಮೈಬಣ್ಣವು ಚುಕ್ಕೆಯಿಲ್ಲದ ಬೆಳ್ಳಿ ಅಥವಾ ಕಂಚಿನದು; ಸಾಧಾರಣವಾಗಿ ಒಂದಡಿಯ ಒಳಗೇ ಬೆಳವಣಿಗೆಯು ನಿಲ್ಲುತ್ತದೆ. ಎರಡನೆಯದು ಅಂಗಡಿಗಳಲ್ಲಿ ಕ್ಲೌನ್ ನೈಫ್ ಎಂದು ಕರೆಯಲ್ಪಡುವ ಚಿತಲ ಓರ್ನೇಟ. ಇದರ ಮೂಲಸ್ಥಾನವು ಥೈಲೆಂಡ್, ಕಾಂಬೋಡಿಯ ಮೊದಲಾದ ದೇಶಗಳ ನದಿಗಳು. ತಲೆಯ ಹಿಂದೆ ಬೆನ್ನು ಗೂನಿನಂತೆ ಏಳುತ್ತದೆ. ಪಕ್ಕದಲ್ಲಿ ಬಿಳಿಯ ಬಳೆ ತೊಡಿಸಿದಂತಹ ಕರಿಯ ಚುಕ್ಕೆಗಳ ಸಾಲಿದೆ. ಬಂಗಾಳದವರು ಮೆಚ್ಚಿ ಉಣ್ಣುವ, ಉತ್ತರ ಹಿಂದುಸ್ಥಾನದ ನದಿಗಳ ಚಿತಲವು ಇದರ ದಾಯಾದಿ.

ಅಂಗಡಿಯಲ್ಲಿ ಬೆರಳುದ್ದದ ಮರಿಯಾಗಿ ಕಾಣುವ ಈ ಚುಕ್ಕೆಯ ಮೀನು ಒಂದೆರಡು ವರ್ಷಗಳಲ್ಲಿ ಒಂದಡಿಯನ್ನು ಮೀರುತ್ತದೆ. ನದಿಯಲ್ಲಿ ಮೂರಡಿಯವರೆಗೂ ಬೆಳೆಯಬಲ್ಲುದು. ಅದಕ್ಕೆ ನ್ಯಾಯವಾಗಿ ಎಂಟಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಆಳದ ತೊಟ್ಟಿ ಬೇಕು. ಅಷ್ಟರಲ್ಲಿ ಹಿಡಿಯುವ ನೀರು ಸುಮಾರು 1700 ಲೀಟರ್. ಅದರ ಭಾರವು 1700 ಕಿಲೋಗ್ರಾಂ. ನಮ್ಮ ಮನೆಗಳಲ್ಲಿ ಎಷ್ಟು ಚಾವಡಿಗಳು ಇದಕ್ಕೆ ಸ್ಥಳವನ್ನು ಕೊಟ್ಟಾವು? ಹತ್ತು ವರ್ಷ ಬದುಕಬಲ್ಲ ಜೀವಿಯನ್ನು ಎರಡಡಿಯ ಪೆಟ್ಟಿಗೆಯಲ್ಲಿಟ್ಟರೆ ಅದರ ಬೆನ್ನು ಬಾಗುವುದು, ಮೂತಿ ಗಾಯವಾಗುವುದು, ಕೊನೆಗೆ ಯಜಮಾನನಿಗೇ ಅದು ಭಾರವಾಗುವುದು. ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ: ಸಾಮಾನ್ಯ ಗೃಹಸ್ಥನು ಚುಕ್ಕೆಯ ಚೂರಿಮೀನನ್ನು ಕೊಳ್ಳತಕ್ಕದ್ದಲ್ಲ. ಚೂರಿಮೀನೇ ಬೇಕೆಂಬ ಆಸೆಯಿದ್ದವರು ದೇಶೀಯವಾದ ಸಣ್ಣ ಜಾತಿಯ ಒಂದೇ ಒಂದನ್ನು ಕ್ರಮವರಿತು ಸಾಕಲಿ.

ಆ ಕ್ರಮವೇನೆಂದರೆ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಆಳದ ತೊಟ್ಟಿಗೆ ಸುಮಾರು 250 ಲೀಟರ್ ನೀರು ಬೇಕಾಗುತ್ತದೆ. ಕಾಲು ಟನ್ನಿನ ಈ ಭಾರವನ್ನು ತಾಳುವ ಗಟ್ಟಿಯಾದ ಪೀಠವಿರಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾಗಿದ್ದು ತುಸು ಹುಳಿಗುಣವುಳ್ಳದ್ದು. ಅದು ಈ ಮೀನಿಗೆ ಒಗ್ಗುತ್ತದೆ. ಪಂಚಾಯತಿನ ನಳ್ಳಿನೀರಾದರೆ, ಅದರಲ್ಲಿ ಬೆರೆಸಿದ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸತಕ್ಕದ್ದು. ಹಗಲು ಅಡಗುವುದಕ್ಕೆ ಮಣ್ಣಿನ ಕೊಳವೆಯೊಂದನ್ನು ಅಡ್ಡವಾಗಿ ಇಡಬೇಕು. ಮೀನು ಹಾರುವುದರಿಂದ ಮುಚ್ಚಳವು ಅವಶ್ಯ. ಗಾಳಿಯನ್ನು ನುಂಗಲು ಮೇಲಕ್ಕೆ ಬರುವುದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ತೆರಪು ಬಿಡುವುದೂ ಅಷ್ಟೇ ಅವಶ್ಯ. ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನುಗಳನ್ನು ಜೊತೆಗೆ ಬಿಟ್ಟರೆ ಬೆಳಗಾಗುವುದರೊಳಗೆ ಅವು ಆಹಾರವಾಗಿ ಹೋದಾವು.

ಹೊಸ ತೊಟ್ಟಿಯನ್ನು ತುಂಬಿದ ದಿನವೇ ಮೀನನ್ನು ಬಿಡಬಾರದು. ಮೀನಿನ ಮಲಮೂತ್ರಗಳಿಂದ ಅಮೋನಿಯವು ಹುಟ್ಟುತ್ತದೆ. ಅದು ಮೀನಿಗೆ ವಿಷ. ಹೊಲದ ಮಣ್ಣಿನಲ್ಲಿ ಗೊಬ್ಬರದ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳೇ ತೊಟ್ಟಿಯ ಸೋಸುಕದಲ್ಲಿಯೂ ನೆಲೆಸಿ ಆ ಕಾರ್ಯವನ್ನು ಮಾಡಬೇಕು. ಅವು ವೃದ್ಧಿಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಮೇಲೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬದಲಿಸುತ್ತಿರಬೇಕು. ತೆಗೆದ ನೀರನ್ನು ಬಸಳೆಯ ಬುಡಕ್ಕೋ ವೀಳ್ಯದ ಬಳ್ಳಿಗೋ ಹೊಯ್ದರೆ ಅದರಲ್ಲಿಯ ಸಾರಜನಕವು ವ್ಯರ್ಥವಾಗುವುದಿಲ್ಲ.

ಆಹಾರದ ವಿಷಯದಲ್ಲಿ ಅಡಿಕೆ ಬೆಳೆಗಾರರು ವಿಶೇಷ ಎಚ್ಚರವನ್ನು ವಹಿಸಬೇಕು. ಎರೆಹುಳು, ಸಿಗಡಿ, ನೀರಿನ ಹುಳುಗಳನ್ನು ಮುಸ್ಸಂಜೆಯ ಹೊತ್ತಿಗೆ ಕೊಡುವುದು ಯೋಗ್ಯ. ಆದರೆ ಕಂಗಿನ ಬುಡದ ಎರೆಹುಳು ಬೇಡ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನರು 1910ರಲ್ಲಿ ಕೊಳೆರೋಗದ ಬಗೆಗೆ ತಮ್ಮ ಶೋಧನೆಯನ್ನು ಪ್ರಕಟಿಸಿದರು; ಆ ರೋಗಕ್ಕೆ ಬೋರ್ಡೋ ದ್ರಾವಣವು ಇಂದಿಗೂ ನಮ್ಮ ರಕ್ಷೆಯಾಗಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣದಲ್ಲಿ ವರ್ಷವರ್ಷವೂ ಸಿಂಪಡಿಸಿದ ತಾಮ್ರವು ತೋಟದ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಕಂಗಿಗೆ ಕಾವಲಾದ ತಾಮ್ರವೇ ಮೀನಿಗೆ ಕಾಲ. ಅದರಲ್ಲಿಯೂ ನಮ್ಮ ಮೆದುನೀರಿನಲ್ಲಿ ಅದರ ವಿಷವು ಇನ್ನಷ್ಟು ತೀಕ್ಷ್ಣ. ಸಿಂಪಡಿಸಿದ ಕೈಯನ್ನು ಚೆನ್ನಾಗಿ ತೊಳೆಯದೆ ತೊಟ್ಟಿಗೆ ಅದ್ದಬಾರದು. ಪಂಪನ್ನೂ ಪೀಪಾಯಿಯನ್ನೂ ತೋಡಿನಲ್ಲಿ ತೊಳೆಯುವ ಪದ್ಧತಿಯನ್ನಂತೂ ಮೀನು ಸಾಕದವರೂ ಬಿಡಬೇಕು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದ ಮೀನನ್ನು ಕೊಲ್ಲಲು ಮನಸ್ಸೊಪ್ಪದೆ, “ಬದುಕಿಕೊಳ್ಳಲಿ” ಎಂದು ಕೆರೆಗೋ ತೋಡಿಗೋ ಬಿಡುವವರುಂಟು. ಅವರ ಉದ್ದೇಶವು ದಯೆಯೇ ಸರಿ. ಪರಿಣಾಮವು ಮಾತ್ರ ದಯೆಯದಲ್ಲ. ಚೂರಿಮೀನು ಮಾಂಸಾಹಾರಿ. ಸಣ್ಣ ಮೀನು, ಮರಿ, ಸಿಗಡಿಗಳನ್ನು ತಿಂದು ಬಾಳುತ್ತದೆ. ನಿಂತ ನೀರಿಗೂ ಅಂಜುವುದಿಲ್ಲ. ತನ್ನ ಮೊಟ್ಟೆಗಳನ್ನು ತಾನೇ ಕಾಯುವುದರಿಂದ ಅದರ ಸಂತಾನವು ಬೇಗನೆ ನಾಶವಾಗುವುದೂ ಇಲ್ಲ.

ಇದು ಬರಿಯ ಊಹೆಯೆಂದು ಯಾರೂ ತಳ್ಳಿಹಾಕಬಾರದು. ಫಿಲಿಪ್ಪೀನ್ಸಿನ ಲಗೂನ ಡಿ ಬೇ ಎಂಬ ಮಹಾಸರೋವರದ ದೃಷ್ಟಾಂತವು ನಮ್ಮ ಮುಂದಿದೆ. ಅಲಂಕಾರಕ್ಕಾಗಿ ಆ ದೇಶಕ್ಕೆ ತಂದ ಇದೇ ಚುಕ್ಕೆಯ ಚೂರಿಮೀನು ಸರೋವರವನ್ನು ಸೇರಿತು. 2009ರ ಚಂಡಮಾರುತದ ನೆರೆಯ ಅನಂತರದ ವರ್ಷಗಳಲ್ಲಿ ಅಲ್ಲಿಯ ಬೆಸ್ತರ ಬಲೆಗಳಲ್ಲಿ ಬೆಲೆಬಾಳುವ ಮೀನಿಗೆ ಬದಲಾಗಿ ಇದೇ ತುಂಬತೊಡಗಿತು. ಅದನ್ನು ಹಿಡಿದು ತೆಗೆಯಿಸಲು ಸರಕಾರವೇ ಹಣವನ್ನು ವೆಚ್ಚಮಾಡಬೇಕಾಯಿತು. ನೆರೆಯ ಕೇರಳದಲ್ಲಿಯೂ 2018ರ ಮಹಾಪೂರದ ಬಳಿಕ, ಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡ ಅರಪೈಮ ಮೊದಲಾದ ವಿದೇಶೀಯ ಮೀನುಗಳು ಹೊಳೆಗಳಲ್ಲಿ ಬಲೆಗೆ ಬಿದ್ದವು. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯವು ಇಂದು ಯಾವ ಕೆರೆಯಿಂದಲೂ ತೆಗೆಯಲಾಗದಂತೆ ಹಬ್ಬಿರುವುದನ್ನು ಎಲ್ಲರೂ ಬಲ್ಲರು.

“ನನ್ನ ಮೀನು ತೋಡಿನಲ್ಲಿಲ್ಲ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿದೆ” ಎಂದು ಕೆಲವರು ಸಮಾಧಾನ ಹೇಳುತ್ತಾರೆ. ವರ್ಷಕ್ಕೆ 3500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಈ ಸಮಾಧಾನವು ನಿಲ್ಲತಕ್ಕದ್ದಲ್ಲ. ಆಷಾಢದ ಒಂದು ರಾತ್ರಿಯ ಮಳೆಗೆ ಹೊಂಡವು ತುಂಬಿ ಹರಿದರೆ ನೀರು ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಸೇರುತ್ತದೆ. ಕುಮಾರಧಾರೆಯೂ ಪಯಸ್ವಿನಿಯೂ ಇಂತಹ ಸಾವಿರ ತೋಡುಗಳಿಂದಲೇ ತುಂಬಿದ ಹೊಳೆಗಳು. ಸುಬ್ರಹ್ಮಣ್ಯ, ತೊಡಿಕಾನ ಮುಂತಾದ ಕ್ಷೇತ್ರಗಳಲ್ಲಿ ದೇವರ ಮೀನೆಂದು ನಮ್ಮ ಹಿರಿಯರು ಅಕ್ಕಿಯಿಕ್ಕಿ ಕಾಪಾಡಿಕೊಂಡು ಬಂದ ಪೆರುವೆಲಿನ ಮರಿಗಳೂ, ಗದ್ದೆಯ ಮುಗುಡೂ ಈ ನೀರನ್ನೇ ನಂಬಿವೆ. ಹಿರಿಯರು ಕಾಯ್ದುದನ್ನು ನಮ್ಮ ಹವ್ಯಾಸಕ್ಕಾಗಿ ಕಳೆಯುವ ಹಕ್ಕು ನಮಗಿಲ್ಲ. ದೇಶೀಯ ಜಾತಿಯಾದರೂ, ಅಂಗಡಿಯಿಂದ ಬಂದುದನ್ನು ಹೊಳೆಗೆ ಬಿಡುವುದು ಸರಿಯಲ್ಲ. ಬೇರೆ ನದಿಯ ಮೀನಿನೊಡನೆ ಬೇರೆ ನೀರಿನ ರೋಗಗಳೂ ಬಂದಾವು.

ಹಾಗಾದರೆ ಬೆಳೆದ ಮೀನನ್ನು ಏನು ಮಾಡಬೇಕು? ಕೊಳ್ಳುವ ಮೊದಲೇ, ದೊಡ್ಡದಾದಾಗ ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಅಂಗಡಿಯವರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಒಪ್ಪದವರಲ್ಲಿ ಕೊಳ್ಳಬಾರದು. ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗೆ ಒಪ್ಪಿಸುವುದು ಎರಡನೆಯ ದಾರಿ. ಎರಡೂ ಸಾಧ್ಯವಾಗದಿದ್ದರೆ ಮೀನುಗಾರಿಕೆ ಇಲಾಖೆಯವರನ್ನಾಗಲಿ, 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕಾ ಮಹಾವಿದ್ಯಾಲಯದವರನ್ನಾಗಲಿ ಕೇಳಿ, ಅವರು ಹೇಳಿದಂತೆ ನಡೆಯುವುದು ಉತ್ತಮ. ಶಾಲೆಗಳ ಉಪಾಧ್ಯಾಯರು ಮಕ್ಕಳಿಗೆ ಮೀನು ಸಾಕುವುದನ್ನು ಕಲಿಸುವಾಗ, ಬಿಡಬಾರದೆಂಬುದನ್ನೂ ಮೊದಲ ಪಾಠದಲ್ಲಿಯೇ ಕಲಿಸಲಿ.

ದನವನ್ನು ಕೊಳ್ಳುವಾಗ ನಾವು ಹಟ್ಟಿಯನ್ನೂ ಹುಲ್ಲನ್ನೂ ಲೆಕ್ಕಮಾಡುತ್ತೇವೆ. ಮುದಿಯಾದಾಗ ಅದರ ಗತಿಯೇನೆಂದೂ ಚಿಂತಿಸುತ್ತೇವೆ. ಮೀನು ಸಣ್ಣದೆಂಬ ಕಾರಣದಿಂದ ಆ ಲೆಕ್ಕವನ್ನು ಬಿಡಬಾರದು. ಈ ಮಳೆಗಾಲಕ್ಕೆ ಮುಂಚಿತವಾಗಿಯೇ ಪ್ರತಿಯೊಬ್ಬ ಹವ್ಯಾಸಿಯೂ ತನ್ನ ತೊಟ್ಟಿಯಲ್ಲಿ, ಹೊಂಡದಲ್ಲಿ ಇರುವ ಮೀನು ಯಾವ ಜಾತಿಯದು, ಎಷ್ಟು ಬೆಳೆಯತಕ್ಕದ್ದು ಎಂಬುದನ್ನು ಪರೀಕ್ಷಿಸಲಿ. ಹೊಂಡದಲ್ಲಿ ಚುಕ್ಕೆಯ ಚೂರಿಮೀನಿದ್ದರೆ ಮೊದಲ ಮಳೆ ಬೀಳುವ ಮೊದಲೇ ಅದನ್ನು ಹಿಡಿದು ತೆಗೆಯಲಿ.