ಸಂಘಕ್ಕೆ ಕಲಿಸುವ ಕೆಲಸವೂ ಉಂಟು

ಕಾರ್ಮಿಕ ಸಂಘವೆಂದೊಡನೆ ಮುಷ್ಕರ, ಮೆರವಣಿಗೆ, ಮನವಿಪತ್ರಗಳನ್ನಷ್ಟೇ ನೆನೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಸದಸ್ಯರ ವಿದ್ಯಾಭ್ಯಾಸಕ್ಕಾಗಿ ಸಂಘವು ತನ್ನ ಸಾಮಾನ್ಯ ನಿಧಿಯನ್ನು ವ್ಯಯಿಸಬಹುದೆಂದು 1926ರ ಕಾರ್ಮಿಕ ಸಂಘಗಳ ಕಾಯಿದೆಯೇ ಹೇಳಿತ್ತೆಂಬುದನ್ನು ಬಲ್ಲವರು ವಿರಳ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಅವಕಾಶವು ಮೊದಲು ಸಲ್ಲಬೇಕಾದುದು ಅಂಗನವಾಡಿಯ ಕಾರ್ಯಕರ್ತೆಯರಿಗೆ ಮತ್ತು ಸಹಾಯಕಿಯರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಅಂದು ತಕ್ಕಡಿಯೂ ದಾಖಲೆ ಪುಸ್ತಕವೂ ಸಾಕಾಗಿದ್ದವು. ಇಂದು ಮಗುವಿನ ತೂಕ, ಎತ್ತರ, ಹಾಜರಿಗಳೆಲ್ಲವೂ ಪೋಷಣ್ ಟ್ರ್ಯಾಕರ್ ಎಂಬ ಫೋನಿನ ಆ್ಯಪಿಗೆ ಏರಬೇಕು, 2025ರ ಜುಲೈಯಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಮನೆಗೊಯ್ಯುವ ಆಹಾರವನ್ನು ಫೋನಿನಲ್ಲಿ ಅವರ ಮುಖಚಹರೆಯನ್ನು ಗುರುತಿಸಿಯೇ ಕೊಡಬೇಕು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ತಾಯಂದಿರು ನಸುಕಿನಲ್ಲೇ ಹೊಲ ಸೇರುವ ಊರುಗಳಲ್ಲಿ, ನೆಟ್‌ವರ್ಕ್ ಸಿಕ್ಕದ ಕಾಡಂಚಿನ ಹಾಡಿಗಳಲ್ಲಿ, ದಶಕಗಳ ಕಾಲ ಕೈಬರಹದಲ್ಲೇ ದಾಖಲೆಯಿಟ್ಟು ಬಂದ ಹಿರಿಯ ಕಾರ್ಯಕರ್ತೆಗೆ ಇದೆಷ್ಟು ಕಠಿನವೆಂಬುದನ್ನು ಊಹಿಸಲು ಹೆಚ್ಚಿನ ಕಲ್ಪನಾಶಕ್ತಿ ಬೇಕಿಲ್ಲ.

ಒಂದು ದಿನದ ತರಬೇತಿಯಲ್ಲಿ ಪರದೆಯ ಮೇಲೆ ತೋರಿಸಿದ್ದು ಮರುದಿನ ಕೇಂದ್ರದಲ್ಲಿ ನೆನಪಿಗೆ ಬಾರದು. ಆಗ ನೆರವಾಗುವವಳು ಪಕ್ಕದ ಊರಿನ ಕಿರಿಯ ಸಹೋದ್ಯೋಗಿ. “ಅಕ್ಕಾ, ನೀವೇ ಒತ್ತಿ, ನಾನು ನೋಡ್ತೀನಿ” ಎಂದು ಆಕೆ ಹೇಳುವ ಆ ಸಹನೆಗಿಂತ ಮಿಗಿಲಾದ ಬೋಧನಕ್ರಮವನ್ನು ನಾನರಿಯೆ. ಏಕೆಂದರೆ ಫೋನನ್ನು ತಾನೇ ಕಸಿದು ಕೆಲಸ ಮುಗಿಸುವವಳು ಆ ಹೊತ್ತಿಗೆ ಒದಗಬಹುದೇ ಹೊರತು ಕಲಿಸಿದವಳಾಗಲಾರಳು. ಇಂಥ ನೆರವಿಗೆ ಹೆಸರಿಲ್ಲ, ಹೊತ್ತಿಲ್ಲ, ಗೌರವವೂ ಇಲ್ಲ.

ಕಲಿಯಬೇಕಾದುದು ಫೋನೊಂದೇ ಅಲ್ಲ. ಪಿಯುಸಿ ಮುಗಿಸದ ಸಹಾಯಕಿಗೆ ಕಾರ್ಯಕರ್ತೆಯ ಹುದ್ದೆ ಎಟುಕದಿರುವಾಗ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಲು ಆಕೆಗೆ ಅರ್ಜಿ ತುಂಬಿಸಿ, ಪುಸ್ತಕ ಒದಗಿಸಿ, ಧೈರ್ಯ ಹೇಳುವವರು ಬೇಕು. ಅಂಗನವಾಡಿ ನೌಕರರೂ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ತೀರ್ಪಿತ್ತುದನ್ನು ಆ ನೌಕರರೇ ಓದಿ ತಿಳಿಯುವಂತಾಗಬೇಕು.

ಇಂಥ ನೆರವಿಗೆ ಕಾನೂನಿನ ಮನ್ನಣೆ ದೊರೆತುದೂ ಉಂಟು. ಬ್ರಿಟನ್ನಿನಲ್ಲಿ ಸಹೋದ್ಯೋಗಿಗಳ ಕಲಿಕೆಗೆ ನೆರವಾಗುವ ಸಂಘದ ಸ್ವಯಂಸೇವಕರಿಗೆ 2002ರ ಉದ್ಯೋಗ ಕಾಯಿದೆಯು ಸಂಬಳಸಹಿತ ಬಿಡುವಿನ ಹಕ್ಕನ್ನು ಕೊಟ್ಟಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಬೆಂಬಲವಾಗಿದ್ದ ಸರ್ಕಾರಿ ನಿಧಿ 2021ರಲ್ಲಿ ನಿಂತುಹೋದರೂ ಆ ಹಕ್ಕು ಉಳಿದಿದೆ. ನಮ್ಮಲ್ಲಿಯೂ ಕಾರ್ಮಿಕ ಶಿಕ್ಷಣಕ್ಕೆಂದು ಕೇಂದ್ರ ಮಂಡಳಿಯೊಂದು 1958ರಲ್ಲೇ ಸ್ಥಾಪಿತವಾಯಿತು. ಆದರೆ ದೂರದ ಮಂಡಳಿಯು ಪಕ್ಕದ ಊರಿನ ಗೆಳತಿಯ ಸ್ಥಾನವನ್ನು ತುಂಬಲಾರದು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಅಂಗನವಾಡಿ ನೌಕರರ ಸಂಘಗಳಲ್ಲಿ ನನ್ನ ವಿನಂತಿಯಿದು: ಪ್ರತಿಯೊಂದು ವೃತ್ತದಲ್ಲಿಯೂ ಕಲಿಸಲು ಮನಸ್ಸುಳ್ಳ ಒಬ್ಬಳನ್ನು ಸದಸ್ಯೆಯರೇ ಆರಿಸಲಿ, ಆಕೆಯ ಬಸ್ಸಿನ ಖರ್ಚನ್ನು ಸಂಘದ ನಿಧಿ ಭರಿಸಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಮಾಸಿಕ ಸಭೆಯ ದಿನ ಎರಡು ಗಂಟೆಗಳನ್ನು ಈ ಕಲಿಕೆಗೆ ಮೀಸಲಿಟ್ಟು, ಅದನ್ನು ಕರ್ತವ್ಯದ ವೇಳೆಯೆಂದೇ ಪರಿಗಣಿಸಲಿ.