ಕೆಂಪು ಶಿಲುಬೆಯ ಗುರುತು

ಮದ್ದೂರಿನ ತನಿಖಾ ಠಾಣೆಯ ಗೇಟು ರಾತ್ರಿ 9 ಘಂಟೆಗೆ ಮುಚ್ಚಿದರೆ ಬೆಳಗ್ಗೆ 6ಕ್ಕೆ ತೆರೆಯುವುದೆಂಬುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಬಂಡೀಪುರದ ಮೃಗಗಳ ರಕ್ಷಣೆಗಾಗಿ 2009ರಿಂದ ನಡೆದುಬಂದ ಕಟ್ಟಳೆಯಿದು. ಆದರೆ ರೋಗಿಯನ್ನು ಹೊತ್ತ ಆಂಬ್ಯುಲೆನ್ಸು ಬಂದಿತೆಂದರೆ ಗೇಟು ಏಳುತ್ತದೆ. ಕಾವಲಿನವನು ಇಣುಕಿ ನೋಡಬಹುದು, ಹಿಂದಕ್ಕೆ ಕಳುಹಿಸತಕ್ಕದ್ದಲ್ಲ.

ಯುದ್ಧಕಾಲದ ಧರ್ಮವೂ ಹೆಚ್ಚುಕಡಮೆ ಇದೇ. 1949ರ ಆಗಸ್ಟ್ 12ರಂದು ಜಿನೀವಾ ನಗರದಲ್ಲಿ ನಾಲ್ಕು ಒಪ್ಪಂದಗಳಾದುವು. ನಾಲ್ಕನೆಯದರ 23ನೆಯ ವಿಧಿಯಂತೆ, ಶತ್ರುಪಕ್ಷದ ಪ್ರಜೆಗಳಿಗೇ ಹೋಗುತ್ತಿದ್ದರೂ ಔಷಧಗಳನ್ನು ತಡೆಯಬಾರದು. ಹದಿನೈದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಬಾಣಂತಿಯರಿಗೂ ಬೇಕಾದ ಆಹಾರ ವಸ್ತ್ರಗಳನ್ನು ಬಿಡಬೇಕು. ಸರಕು ಸೈನಿಕರ ಕೈಸೇರೀತೆಂದು ಗಟ್ಟಿಯಾದ ಸಂದೇಹವಿದ್ದರೆ ಮಾತ್ರ ತಡೆಯಬಹುದು. ಸಂದೇಹಕ್ಕೆ ಗಡಿಯೆಲ್ಲಿ? ಈ ಒಂದು ಪದದ ನೆರಳಿನಲ್ಲಿ ಎಷ್ಟು ಗಾಡಿಗಳನ್ನಾದರೂ ನಿಲ್ಲಿಸಬಹುದು. ಶಾಸ್ತ್ರ ಬರೆದವರು ಇಲ್ಲಿ ಸಡಿಲ ಬಿಟ್ಟರೆಂದೇ ನಮ್ಮ ಅಭಿಪ್ರಾಯ.

ಇದು ಪಾಶ್ಚಾತ್ಯರ ಹೊಸ ಸೃಷ್ಟಿಯೇನೂ ಅಲ್ಲ. ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮುನ್ನ ಉಭಯ ಪಕ್ಷದವರೂ ಕೂಡಿ, ಸಾರಥಿಗಳನ್ನೂ ಭೇರಿ ಶಂಖಗಳನ್ನು ನುಡಿಸುವವರನ್ನೂ ಹೊಡೆಯಕೂಡದೆಂದು ನಿಯಮ ಮಾಡಿಕೊಂಡರು. ಪಾಂಡವರ ಪಾಳೆಯದಲ್ಲಿ ಸಲಕರಣೆಗಳೊಡನೆ ವೈದ್ಯರಿದ್ದರು. ಶರಶಯ್ಯೆಯ ಮೇಲಿದ್ದ ಭೀಷ್ಮರ ಬಳಿಗೆ ಬಾಣ ಕೀಳುವ ವೈದ್ಯರು ಬಂದಾಗ, ಅವರಿಗೆ ಧನವಿತ್ತು ಸತ್ಕರಿಸಿ ಕಳುಹಿಸೆಂದು ಆ ವೃದ್ಧರು ದುರ್ಯೋಧನನಿಗೆ ಹೇಳಿದರು. ಆದರೆ ಹದಿನೆಂಟು ದಿನಗಳಲ್ಲಿ ಸತ್ತ ಸಾರಥಿಗಳೆಷ್ಟು ಮಂದಿ! ಮಾತು ಕೊಟ್ಟವರಿದ್ದರು, ಮುರಿದವರನ್ನು ದಂಡಿಸುವವರಿರಲಿಲ್ಲ. 1998ರ ರೋಮ್ ಶಾಸನವು ಪರಿಹಾರಕಾರ್ಯದ ಜನರನ್ನೂ ವಾಹನಗಳನ್ನೂ ಬೇಕೆಂದೇ ಹೊಡೆಯುವುದನ್ನು ಯುದ್ಧಾಪರಾಧವೆಂದಿತು. ಭಾರತವು ಅದಕ್ಕೆ ಸೇರಿಲ್ಲ.

ಈ ರಕ್ಷಣೆಯು ದೂರದಿಂದ ಕಾಣುವುದು ಒಂದು ಗುರುತಿನಿಂದ. 1864ರಲ್ಲಿ ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣಗಳನ್ನು ತಿರುವುಮುರುವು ಮಾಡಿ, ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯನ್ನಿಟ್ಟರು. ಕೆಂಪು ಅರ್ಧಚಂದ್ರಕ್ಕೂ ಇದೇ ಮರ್ಯಾದೆಯುಂಟು. 2025ರ ಮಾರ್ಚ್ 23ರಂದು ಗಾಜಾದ ರಫಾದಲ್ಲಿ 15 ಮಂದಿ ರಕ್ಷಣಾ ಕಾರ್ಯಕರ್ತರು ಹತರಾದರು. ಅವರಲ್ಲಿ 8 ಮಂದಿ ಅರ್ಧಚಂದ್ರ ಸಂಸ್ಥೆಯವರು. ವಾಹನಗಳು ದೀಪವಿಲ್ಲದೆ ಬಂದುವೆಂದು ಇಸ್ರೇಲಿನ ಸೈನ್ಯವು ಮೊದಲು ಹೇಳಿತು. ಮೃತನೊಬ್ಬನ ಮೊಬೈಲಿನಲ್ಲಿ ಸಿಕ್ಕಿದ ಚಿತ್ರದಲ್ಲಿ ದೀಪಗಳು ಉರಿಯುತ್ತಿದ್ದುವು. ಸೈನ್ಯವು ಮಾತು ತಿದ್ದಿಕೊಳ್ಳಬೇಕಾಯಿತು. ಗುರುತಿದ್ದೂ ಅವರು ಉಳಿಯಲಿಲ್ಲ, ನಿಜ. ಆದರೆ ಸುಳ್ಳು ನಿಲ್ಲದಂತೆ ಮಾಡಿದ್ದೂ ಆ ಗುರುತು ಮತ್ತು ದೀಪಗಳೇ.

ಹೀಗಿರಲು ನಮ್ಮ ಪೇಟೆಗಳನ್ನು ನೋಡಿರಿ. ಔಷಧದಂಗಡಿಯ ಹಲಗೆಯ ಮೇಲೆ ಕೆಂಪು ಶಿಲುಬೆ, ವೈದ್ಯರ ಕಾರಿನ ಗಾಜಿಗೆ ಕೆಂಪು ಶಿಲುಬೆ. ಇವರಲ್ಲಿ ಕೆಟ್ಟ ಉದ್ದೇಶವಿಲ್ಲ. ಅದು ವೈದ್ಯಕೀಯದ ಸಾಮಾನ್ಯ ಚಿಹ್ನೆಯೆಂದೇ ತಿಳಿದಿದ್ದಾರೆ. ಆದರೆ ಭಾರತದ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ 12ನೆಯ ಪ್ರಕರಣದಂತೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಈ ಚಿಹ್ನೆಯನ್ನು ಯಾರೂ ಬಳಸಕೂಡದು. ಮೀರಿದರೆ 500 ರೂಪಾಯಿಯವರೆಗೆ ದಂಡ. ಮೊತ್ತ ಸಣ್ಣದು. ಕಂಡಕಂಡಲ್ಲಿ ಕಾಣುವ ಗುರುತನ್ನು ಬಂದೂಕು ಹಿಡಿದವನು ಗುರುತೆಂದು ಎಣಿಸುವನೇ ಎಂಬುದು ನಮ್ಮ ಚಿಂತೆ. ಪ್ರಥಮ ಚಿಕಿತ್ಸೆಗೆ ಹಸಿರು ನೆಲದ ಬಿಳಿಯ ಶಿಲುಬೆ ಬೇರೆಯೇ ಇದೆ. ಹಲಗೆಗೆ ಮತ್ತೆ ಬಣ್ಣ ಬಳಿಸುವಾಗ ಅದನ್ನೇ ಬರೆಯಿಸಲು ಹೆಚ್ಚಿನ ಖರ್ಚೇನೂ ಬೀಳದು.